ಸುಗ್ಗಿ ಹಬ್ಬದ ಊಟ, ಉಳಿಯುವ ಅನ್ನ, ಒಣಗಿದ ಗಿಡಗಳು: ಸೃಷ್ಟಿಯ ಕಾಳಜಿ ಸಭೆಯಲ್ಲಿ ಎಲ್ಲಿಂದ ಶುರುವಾಗಬೇಕು?

ಯುವಜನ_ಕಾರ್ಯದರ್ಶಿ (ಉಡುಪಿ ಕಡೆ) ಕೇಳಿದ್ದು:

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ನಮ್ಮದು ನೂರಾ ಹತ್ತು ಕುಟುಂಬಗಳ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ಸೃಷ್ಟಿಯ ಕಾಲವನ್ನು (ಸೃಷ್ಟಿಗಾಗಿ ಪ್ರಾರ್ಥಿಸಿ ಅದರ ಕಾಳಜಿ ಮಾಡಲು ಕ್ರೈಸ್ತ ಸಭೆಗಳು ಇಟ್ಟುಕೊಂಡ ದಿನಗಳು) ಈ ವರ್ಷ ಆಚರಿಸಬೇಕೆಂದು ಯುವಜನ ಸಂಘಕ್ಕೂ ಸ್ತ್ರೀ ಸಂಘಕ್ಕೂ ಮನಸ್ಸಿದೆ. ಪೋಸ್ಟರ್ ಅಂಟಿಸಿ, ಗಿಡ ಹಂಚಿ, ಫೋಟೋ ತೆಗೆಸಿಕೊಂಡು ಮುಗಿಸುವುದು ಬೇಡ ಎಂಬುದು ಎಲ್ಲರ ಮಾತು. ಅಕ್ಟೋಬರ್ ಮೊದಲ ಆದಿತ್ಯವಾರ ಸುಗ್ಗಿ ಹಬ್ಬ. ಆರಾಧನೆ, ಕಾಣಿಕೆಗಳ ಏಲಂ ಮುಗಿದ ಮೇಲೆ 250 ಜನರಿಗೆ ಊಟ, ಅದರಲ್ಲಿ 60 ಮಕ್ಕಳು.

ಕೇಳಬೇಕಾದದ್ದು ಇಷ್ಟು. ಪ್ರತಿ ವರ್ಷ ಎರಡು ಮೂರು ಬಕೆಟ್ ಅನ್ನ, ಪಾಯಸ ಉಳಿಯುತ್ತದೆ. ಪಕ್ಕದ ಮನೆಯ ದನಗಳಿಗೆ ಹಾಕುತ್ತಾರೆ, ಮಿಕ್ಕದ್ದು ಎಲೆಯ ಜೊತೆ ಗುಂಡಿಗೆ ಹೋಗುತ್ತದೆ. ಗುಂಡಿ ಒಂದು ವಾರ ನಾರುತ್ತದೆ. ಇದಕ್ಕೆ ಸರಿಯಾದ ವ್ಯವಸ್ಥೆ ಏನು? ವೇದಿಯ ಹೂವಿಗೆ ಹಸಿರು ಫೋಮ್ ಬಳಸುತ್ತೇವೆ, ಅದಕ್ಕೆ ಬದಲಿ ಇದೆಯೇ? ಸಮಾಧಿ ಭೂಮಿಯ ಅಂಚಿನಲ್ಲಿ ನೆಟ್ಟ ಗಿಡಗಳಲ್ಲಿ ಹೆಚ್ಚಿನವು ಬೇಸಿಗೆಯಲ್ಲಿ ಒಣಗಿದವು. ಈ ತಿಂಗಳು ಮತ್ತೆ ನೆಡೋಣವೇ?

ಕೊನೆಯದು. "ಆತ್ಮಗಳ ಕೆಲಸ ಬಿಟ್ಟು ಗೊಬ್ಬರದ ಕೆಲಸ ಸಭೆಗೆ ಯಾಕೆ?" ಎಂದು ಹಿರಿಯರೊಬ್ಬರು ಪ್ರೀತಿಯಿಂದಲೇ ಕೇಳಿದರು. ಅವರಿಗೆ ಗೌರವದಿಂದ, ವಾಕ್ಯದ ಆಧಾರದಿಂದ ಏನು ಹೇಳಬಹುದು?

---

ಅಡುಗೆ_ಲೆಕ್ಕ ಉತ್ತರಿಸಿದ್ದು:

ತಂಗೀ, ಊಟದಿಂದಲೇ ಶುರು ಮಾಡಿ. ಸುಗ್ಗಿ ಹಬ್ಬದಲ್ಲಿ ಸಾಧಾರಣವಾಗಿ ಯಾರೂ ಓದದ ಒಂದು ವಾಕ್ಯವನ್ನು ಈ ಸಲ ಓದಿಸಿ: ಯಾಜಕಕಾಂಡ 23:22. ಆ ಅಧ್ಯಾಯ ಪೂರ್ತಿ ಹಬ್ಬಗಳ ಪಟ್ಟಿ. ಯಾವ ದಿನ ಏನು ಕಾಣಿಕೆ, ಯಾವಾಗ ವಿಶ್ರಾಂತಿ ಎಂದು ಹೇಳುತ್ತಾ ಬಂದು, ಪಂಚಾಶತ್ತಮ ಹಬ್ಬದ ವಿವರ ಮುಗಿಯುವಲ್ಲಿ ಥಟ್ಟನೆ ಹೊಲದ ಮಾತು ಬರುತ್ತದೆ. ಪೈರು ಕೊಯ್ಯುವಾಗ ಅಂಚಿನವರೆಗೂ ಕೊಯ್ಯಬೇಡಿ, ಉದುರಿದ್ದನ್ನು ಆಯಬೇಡಿ, ಅದು ಬಡವರಿಗೂ ಪರದೇಶದವರಿಗೂ ಸೇರಿದ್ದು. ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದದ್ದು ಇದೇ ನಿಯಮದ ಬಲದಿಂದ. ಆ ಅಂಚು ಕುಯ್ಲಿಗೆ ಮೊದಲೇ ಬಿಟ್ಟದ್ದು, ತಿಂದು ಮಿಕ್ಕದ್ದಲ್ಲ. ನಿಮ್ಮ ಊಟದ ವ್ಯವಸ್ಥೆಯೂ ಹಾಗೆಯೇ ಇರಲಿ. ಬೇರೆಯವರ ಪಾಲನ್ನು ಬಡಿಸುವ ಮೊದಲೇ ತೆಗೆದಿಡಿ.

ಪಲ್ಯ, ಸಾರು, ಕೋಳಿ ಪದಾರ್ಥ, ಪಾಯಸ ಇರುವ ಊಟಕ್ಕೆ ದೊಡ್ಡವರಿಗೆ 100 ಗ್ರಾಂ, ಮಕ್ಕಳಿಗೆ 50 ಗ್ರಾಂ ಅಕ್ಕಿ ಹಿಡಿಯಿರಿ. 190 ದೊಡ್ಡವರು, 60 ಮಕ್ಕಳು ಅಂದರೆ 22 ಕೆಜಿ. ಹಾಸ್ಟೆಲಿನಂಥ ಕಡೆಗೆ ಕಳಿಸಲು ಹೊರಗಿನ 40 ಜನರ ಪಾಲು ಎಂದಿಟ್ಟುಕೊಂಡರೆ ಬೇರೆ 4 ಕೆಜಿ. "ಕಮ್ಮಿ ಆದರೆ ಮಾನ ಹೋಗುತ್ತದೆ" ಎಂಬ ಹೆದರಿಕೆಯಿಂದ ಅಡುಗೆಯವರು 35 ಕೆಜಿ ಹಾಕುತ್ತಾರೆ, ಉಳಿಯುವುದು ಅಲ್ಲಿಂದ. ಆ ಹೆದರಿಕೆಗೆ ಮದ್ದು ಎರಡು ಕಂತಿನ ಅಡುಗೆ. ಹೊರಗಿನವರ 4 ಕೆಜಿ ಮತ್ತು ನಿಮ್ಮ 15 ಕೆಜಿ ಮೊದಲ ಕಂತಿಗೆ. ಉಳಿದ 7 ಕೆಜಿಯನ್ನು ಅಳೆದು ಇಟ್ಟುಕೊಂಡು, ಎಸರು ಕುದಿಯುತ್ತಾ ಇರಲಿ. ಎರಡನೇ ಪಂಕ್ತಿ ಕೂತಾಗ ತಲೆ ಎಣಿಸಿ, ಬೇಕಾದಷ್ಟೇ ಹಾಕಿ. ಒಂದು ಎಚ್ಚರ: ಈ ಎರಡನೇ ಕಂತಿಗೆ ಕುಚ್ಚಲಕ್ಕಿ ಆಗದು, ಬೇಯಲು ತುಂಬ ಹೊತ್ತು ಬೇಕು. ಬೆಳ್ತಿಗೆ ಅಕ್ಕಿಯೇ ಇರಲಿ, ಅರ್ಧ ಗಂಟೆಯಲ್ಲಿ ಅನ್ನ ಸಿದ್ಧ. ಬಳಸದ ಅಕ್ಕಿ ಅಕ್ಕಿಯಾಗಿಯೇ ಉಳಿಯುತ್ತದೆ, ಅದನ್ನು ಯಾರಿಗಾದರೂ ಕೊಡಬಹುದು.

ಹೊರಗಿನವರ ಪಾಲನ್ನು ಒಲೆಯಿಂದ ಇಳಿಸಿದ ತಕ್ಷಣ, ಯಾರೂ ಸೌಟು ಹಾಕುವ ಮೊದಲು, ಮುಚ್ಚಳವಿರುವ ಸ್ಟೀಲ್ ಪಾತ್ರೆಗೆ ತುಂಬಿ, ಕಂಬಳಿ ಸುತ್ತಿ ಕಳಿಸಿ. ಅನ್ನ 60 ಡಿಗ್ರಿಗಿಂತ ಬಿಸಿಯಾಗಿರುವವರೆಗೆ ತೊಂದರೆಯಿಲ್ಲ. ಅದು ಆರಿದ ಮೇಲೆ ಎರಡು ಗಂಟೆಯ ಒಳಗೆ ಊಟ ಆಗಿಬಿಡಬೇಕು. ಕಾರಣ, ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೆಳಗ್ಗೆ 9ಕ್ಕೆ ಮಾಡಿದ ಅನ್ನ ಮಧ್ಯಾಹ್ನ 3ಕ್ಕೆ ಉಳಿಯಿತೆಂದು ಮಕ್ಕಳ ಹಾಸ್ಟೆಲಿಗೆ ಕಳಿಸುವುದು ದಯೆಯಲ್ಲ, ಅಪಾಯ. ತೆಂಗಿನಕಾಯಿ ಅರೆದ ಪದಾರ್ಥ ಕರಾವಳಿಯ ಸೆಕೆಗೆ ಇನ್ನೂ ಬೇಗ ಹಳಸುತ್ತದೆ.

ಊಟ ಕಳಿಸುವ ಕಡೆಗೆ ಹಿಂದಿನ ದಿನವೇ ಫೋನ್ ಮಾಡಿ: ಎಷ್ಟು ಜನ, ಊಟ ಎಷ್ಟು ಗಂಟೆಗೆ, ಮಾಂಸ ತಿನ್ನುತ್ತಾರೋ, ಸಕ್ಕರೆ ಕಾಯಿಲೆಯವರಿದ್ದಾರೋ. ಅವರು ಅಡುಗೆ ಶುರು ಮಾಡಿದ ಮೇಲೆ ನೀವು ಪಾತ್ರೆ ಹೊತ್ತು ಹೋದರೆ ಎರಡು ಕಡೆ ಅನ್ನ ಹಾಳು. ಕೊಡುವಾಗ ಫೋಟೋ ಬೇಡ.

ಇನ್ನು ದನಗಳ ವಿಷಯ. ಇದನ್ನು ದಯವಿಟ್ಟು ಇವತ್ತೇ ನಿಲ್ಲಿಸಿ. ಬಕೆಟ್‌ಗಟ್ಟಲೆ ಅನ್ನ, ಪಾಯಸ ತಿಂದ ದನ ಸಾಯಬಹುದು. ದನದ ಮೊದಲ ಹೊಟ್ಟೆ ಹುಲ್ಲು ಕರಗಿಸಲು ಇರುವಂಥದ್ದು. ರೂಢಿಯಿಲ್ಲದ ಅನ್ನ ಒಮ್ಮೆಲೇ ಬಿದ್ದರೆ ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಬೇಗ ಹುಳಿಯಿಸಿ ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಆ ಆಮ್ಲ ರಕ್ತಕ್ಕೆ ಸೇರುತ್ತದೆ. ಒಂದು ದಿನದ ಒಳಗೆ ದನ ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹೊಟ್ಟೆ ಬಿಗಿಯುತ್ತದೆ, ಹುಳಿ ವಾಸನೆಯ ನೀರು ಸಗಣಿ ಹಾಕುತ್ತದೆ, ಆಮೇಲೆ ಏಳಲಾಗದೆ ಮಲಗಿಬಿಡುತ್ತದೆ. ಇಂಥದ್ದು ಕಂಡರೆ ಮನೆಮದ್ದು ಕುಡಿಸುತ್ತಾ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಯಿರಿ. ಸಂಚಾರಿ ಪಶು ಚಿಕಿತ್ಸೆಯ ಸಹಾಯವಾಣಿ 1962. ಒಂದೆರಡು ಹಿಡಿ ಅನ್ನದಿಂದ ಏನೂ ಆಗದು. ಪ್ರೀತಿಯಿಂದ ಕೊಡಲೇಬೇಕೆಂದಿದ್ದರೆ ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಬಳಸದ ಬಾಳೆಲೆಯ ತುಂಡು ಕೊಡಿ. ಅದರಲ್ಲಿ ರಬ್ಬರ್ ಬ್ಯಾಂಡ್, ಹಾಲಿನ ಪ್ಯಾಕೆಟ್ಟಿನ ಮೂಲೆ, ಸ್ಟೇಪ್ಲರ್ ಪಿನ್ ಇಲ್ಲವೆಂದು ಕೈಯಾಡಿಸಿ ನೋಡಿ. ನೀತಿವಂತನು ತನ್ನ ದನದ ಜೀವವನ್ನು ಲಕ್ಷಿಸುತ್ತಾನೆ ಎನ್ನುವ ಜ್ಞಾನೋಕ್ತಿ 12:10 ಪಕ್ಕದ ಮನೆಯ ದನಕ್ಕೂ ಸೇರಿದ ಮಾತು.

---

ಹಟ್ಟಿಗೊಬ್ಬರ ಉತ್ತರಿಸಿದ್ದು:

ಗುಂಡಿ ನಾರುವುದಕ್ಕೆ ಕಾರಣ ಸರಳ: ಗಾಳಿಯಿಲ್ಲ, ನೀರು ಜಾಸ್ತಿ. ಕರಾವಳಿಯಲ್ಲಿ ಗುಂಡಿ ತೆಗೆದರೆ ಮಳೆಗೆ ಅದು ಕೆರೆಯಾಗುತ್ತದೆ. ಆದ್ದರಿಂದ ನೆಲದ ಮೇಲೆಯೇ ಕಟ್ಟಿ. ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರ. ಕೆಂಪು ಕಲ್ಲನ್ನು ಗಾರೆಯಿಲ್ಲದೆ, ನಡುವೆ ಎರಡೆರಡು ಇಂಚು ಸಂದು ಬಿಟ್ಟು ಜೋಡಿಸಿ. ಮುಂದಿನ ಬದಿ ಹಲಗೆಯದಾಗಿದ್ದರೆ ತೆಗೆದು ಮಗುಚಲು ಸುಲಭ. ಮೇಲೆ ಒಂದು ಶೀಟ್. ಮೂರು ಅಡಿಗಿಂತ ಚಿಕ್ಕದಾದರೆ ರಾಶಿ ಕಾವು ಹಿಡಿಯುವುದಿಲ್ಲ.

250 ಎಲೆ, ಎಲೆಯ ಮೇಲೆ ಬಿಟ್ಟದ್ದು ಸೇರಿ ತಲಾ 200 ಗ್ರಾಂ ಹಿಡಿದರೂ 50 ಕೆಜಿ ಹಸಿ ಆಯಿತು. ಅದಕ್ಕೆ ಗಾತ್ರದಲ್ಲಿ ಎರಡರಿಂದ ಮೂರು ಪಾಲು ಒಣದ್ದು ಬೇಕು, ಅಂದಾಜು ಐದಾರು ಗೋಣಿ ತರಗೆಲೆ. ಹೆಚ್ಚಿನವರು ಸೋಲುವುದು ಇಲ್ಲೇ, ಏಕೆಂದರೆ ಅಕ್ಟೋಬರಿನಲ್ಲಿ ನಮ್ಮ ಕಡೆ ಒಣ ಎಲೆ ಸಿಗುವುದಿಲ್ಲ. ಬೇಸಿಗೆಯಲ್ಲಿ ಕಂಪೌಂಡ್ ಗುಡಿಸಿ ಸುಡುತ್ತೀರಲ್ಲ, ಅದನ್ನು ಗೋಣಿಯಲ್ಲಿ ತುಂಬಿ ಮಾಡಿನ ಕೆಳಗೆ ಇಟ್ಟಿರಬೇಕಿತ್ತು. ಈ ವರ್ಷಕ್ಕೆ ಬೈಹುಲ್ಲು, ತೆಂಗಿನ ನಾರಿನ ಪುಡಿ, ಇಲ್ಲವೇ ಮರದ ಮಿಲ್ಲಿನ ಹೊಟ್ಟು ತನ್ನಿ. ಪ್ಲೈವುಡ್ಡಿನ ಹೊಟ್ಟು ಬೇಡ, ಅದರಲ್ಲಿ ಅಂಟಿನ ರಾಸಾಯನಿಕ ಇರುತ್ತದೆ.

ತಳಕ್ಕೆ ಅರ್ಧ ಅಡಿ ಕಡ್ಡಿ, ತೆಂಗಿನ ಮಡಲಿನ ತುಂಡು ಹಾಕಿ. ಬಾಳೆಲೆಯನ್ನು ಕೈಯಗಲಕ್ಕೆ ಹರಿದೇ ಹಾಕಬೇಕು. ಇಡೀ ಎಲೆ ಒಂದರ ಮೇಲೊಂದು ಬಿದ್ದರೆ ಚಾಪೆಯಂತೆ ಅಂಟಿಕೊಂಡು ಗಾಳಿ ಕಟ್ಟುತ್ತದೆ. ಮೂರು ಇಂಚು ಹಸಿ, ಅದರ ಮೇಲೆ ಆರೆಂಟು ಇಂಚು ಒಣದ್ದು, ಒಂದು ತಂಬಿಗೆ ಸಗಣಿ ನೀರು. ಕೊನೆಯ ಪದರ ಯಾವಾಗಲೂ ಒಣದ್ದೇ, ಇಲ್ಲವಾದರೆ ನೊಣ ಬರುತ್ತದೆ. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ. ಧಾರೆ ಇಳಿದರೆ ಒಣದ್ದು ಸೇರಿಸಿ, ಪುಡಿಪುಡಿಯಾಗಿ ಉದುರಿ ಇರುವೆ ಕಟ್ಟಿದ್ದರೆ ನೀರು ಚಿಮುಕಿಸಿ. ಮೂರನೇ ದಿನ ಒಂದು ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು ಹಿಡಿಯಿರಿ. ಕೈ ಸುಡುವಂತಿದ್ದರೆ ರಾಶಿ 55-60 ಡಿಗ್ರಿಗೆ ಬಂದಿದೆ, ಕಳೆ ಬೀಜ ಸಾಯುತ್ತದೆ. ಏಳನೇ ದಿನ ಮೊದಲ ಸಲ ಮಗುಚಿ, ಆಮೇಲೆ ವಾರಕ್ಕೊಮ್ಮೆ. ಮೂರು ತಿಂಗಳಿಗೆ ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ.

ಮೀನು, ಮಾಂಸ, ಎಲುಬು ಇದಕ್ಕೆ ಬೇಡ. ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಮಕ್ಕಳು ಆಡುವ ಜಾಗದಿಂದ ದೂರ ಕಟ್ಟಿ. ಅಡಿಕೆ ಹಾಳೆಯ ತಟ್ಟೆಯಾದರೆ ಒಂದು ರಾತ್ರಿ ನೆನೆಸಿ ಹರಿದು ಹಾಕಿ, ಅದು ಕರಗಲು ಹೆಚ್ಚು ಸಮಯ ಹಿಡಿಯುತ್ತದೆ. ಒಳಗೆ ಮಿರುಗುವ ಪದರವಿರುವ ಕಾಗದದ ತಟ್ಟೆ, ಕಪ್ ಇದಕ್ಕೆ ಆಗುವುದಿಲ್ಲ, ಅದು ಪ್ಲಾಸ್ಟಿಕ್. "ಬಯೋಡಿಗ್ರೇಡಬಲ್" ಎಂದು ಬರೆದ ಚೀಲವೂ ನಮ್ಮ ಇಷ್ಟು ಸಣ್ಣ ರಾಶಿಯ ಕಾವಿಗೆ ಕರಗದು. ನೀರಿಗೆ ಸ್ಟೀಲ್ ಲೋಟ ಸಾಕು: 100 ಲೋಟ, ಎರಡು ಟಬ್, ತೊಳೆಯಲು ಸರದಿಯ ಮೇಲೆ ಆರು ಜನ. ಆ ಸರದಿಯಲ್ಲಿ ಗಂಡಸರ ಹೆಸರೂ ಇರಲಿ.

ಹೂವಿನ ಹಸಿರು ಫೋಮ್ ಪುಡಿಯಾಗುತ್ತದೆಯೇ ಹೊರತು ಕರಗುವುದಿಲ್ಲ. ಬದಲಿಗೆ ಬಾಳೆಕಂಬ. ಗೊನೆ ಕಡಿದ ಮೇಲೆ ಹೇಗೂ ಬೀಳುವ ಕಾಂಡ ಅದು. ಎಂಟು ಇಂಚಿನ ತುಂಡು ಮಾಡಿ, ಹೊರಗಿನ ಒಂದು ಪದರ ಸುಲಿಯಿರಿ. ಕತ್ತರಿಸಿದ ಮುಖ ಕೆಳಗಾಗಿ ಅರ್ಧ ಗಂಟೆ ನಿಲ್ಲಿಸಿ, ಸೊನೆ ಇಳಿಯಲಿ. ಇದನ್ನು ಮರೆತರೆ ವೇದಿಯ ಬಿಳಿ ವಸ್ತ್ರಕ್ಕೆ ಕಂದು ಕಲೆ ಬೀಳುತ್ತದೆ, ಬಾಳೆಯ ಕಲೆ ಎಷ್ಟು ಒಗೆದರೂ ಹೋಗದು. ಎಷ್ಟೇ ಸೊನೆ ಇಳಿದಿದ್ದರೂ ಅಡಿಯಲ್ಲಿ ಸ್ಟೀಲ್ ತಟ್ಟೆ ಇರಲಿ. ತುಂಡನ್ನು ಅಡ್ಡ ಮಲಗಿಸಿ, ಹಿಡಿಸೂಡಿಯ ದಪ್ಪ ಕಡ್ಡಿಯಿಂದ ಓರೆಯಾಗಿ ತೂತು ಮಾಡಿ, ದಂಟನ್ನು ಓರೆಯಾಗಿ ಕತ್ತರಿಸಿ ಚುಚ್ಚಿ. ಕಾಂಡದ ಗೂಡುಗೂಡಾದ ಪದರಗಳಲ್ಲಿ ನೀರು ಇರುವುದರಿಂದ ಶನಿವಾರ ಸಂಜೆ ಜೋಡಿಸಿದ ಹೂವು ಆದಿತ್ಯವಾರದ ಸಂಜೆಯವರೆಗೂ ಬಾಡದು. ದಾಸವಾಳದಂಥ ಒಂದೇ ದಿನದ ಹೂವು ಬೇಡ. ಸೇವಂತಿಗೆ, ಅಬ್ಬಲಿಗೆಯ ಗೊಂಚಲು, ಕ್ರೋಟನ್ ಎಲೆ ಚೆನ್ನಾಗಿ ನಿಲ್ಲುತ್ತವೆ. ಸೋಮವಾರ ಎಲ್ಲವೂ ಗೊಬ್ಬರದ ರಾಶಿಗೆ.

---

ಮೂಲಪಾಠ ಉತ್ತರಿಸಿದ್ದು:

ಹಿರಿಯರ ಪ್ರಶ್ನೆ ಒಳ್ಳೆಯ ಪ್ರಶ್ನೆ. ಅದನ್ನು ತಳ್ಳಿಹಾಕದೆ, ಅವರ ಜೊತೆ ಕೂತು ಸತ್ಯವೇದ ತೆರೆಯಿರಿ.

ಆದಿಕಾಂಡ 2:15ರಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಎರಡು ಕೆಲಸಕ್ಕೆ. ಇಬ್ರಿಯದಲ್ಲಿ ಆ ಕ್ರಿಯಾಪದಗಳು ಆವದ್ ಮತ್ತು ಶಾಮರ್. ಆವದ್ ಎಂದರೆ ದುಡಿ, ಸೇವೆ ಮಾಡು. ಶಾಮರ್ ಎಂದರೆ ಕಾಯಿ, ಕಾಪಾಡು. ಇದೇ ಜೋಡಿ ಅರಣ್ಯಕಾಂಡ 3:7-8ರಲ್ಲಿ ಲೇವಿಯರು ದೇವದರ್ಶನದ ಗುಡಾರದಲ್ಲಿ ಮಾಡುವ ಸೇವೆಗೆ ಬಳಕೆಯಾಗಿದೆ. ತೋಟದ ಕೆಲಸಕ್ಕೂ ಗುಡಾರದ ಸೇವೆಗೂ ಅಲ್ಲಿ ಒಂದೇ ಮಾತು. ನನಗೆ ಇದಕ್ಕಿಂತ ಬಲವಾದ ಆಧಾರ ಬೇರೆ ಕಾಣುವುದಿಲ್ಲ.

"ಆದಿಕಾಂಡ 1:28ರಲ್ಲಿ ದೊರೆತನ ಕೊಟ್ಟಿದೆಯಲ್ಲ" ಎಂದು ಅವರು ಕೇಳಬಹುದು. ಹೌದು, ಅಲ್ಲಿನ ಪದ ರಾದಾ, ಅರಸನ ಆಳ್ವಿಕೆಯ ಪದ. ಅದೇ ಪದ ಯೆಹೆಜ್ಕೇಲ 34:4ರಲ್ಲಿ ಬರುತ್ತದೆ. ಕುರಿಗಳನ್ನು ಬಲಾತ್ಕಾರದಿಂದ ಆಳಿದ, ಗಾಯಗೊಂಡದ್ದನ್ನು ಕಟ್ಟದ ಕುರುಬರನ್ನು ದೇವರು ಅಲ್ಲಿ ಖಂಡಿಸುತ್ತಾನೆ. ದೊರೆತನ ಇದೆ, ಲೆಕ್ಕ ಒಪ್ಪಿಸುವ ಹೊಣೆಯೂ ಇದೆ. ಧರ್ಮೋಪದೇಶಕಾಂಡ ಇನ್ನೂ ಸಣ್ಣ ವಿವರಕ್ಕೆ ಇಳಿಯುತ್ತದೆ: ಯುದ್ಧಕಾಲದಲ್ಲೂ ಹಣ್ಣಿನ ಮರ ಕಡಿಯಬಾರದು (20:19), ಗೂಡಿನಲ್ಲಿ ಮರಿಯ ಜೊತೆ ತಾಯಿಹಕ್ಕಿಯನ್ನು ಹಿಡಿಯಬಾರದು (22:6), ತೆನೆ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು (25:4). ಐದು ಸಾವಿರ ಜನರಿಗೆ ಉಣಿಸಿದ ಮೇಲೆ ಕರ್ತನು ತುಂಡುಗಳನ್ನು ಕೂಡಿಸಿರಿ, ಏನೂ ಹಾಳಾಗಬಾರದು ಎಂದದ್ದು ಯೋಹಾನ 6:12ರಲ್ಲಿದೆ. ರೊಟ್ಟಿಯನ್ನು ಅಷ್ಟು ಹೆಚ್ಚಿಸಬಲ್ಲವನೇ ಚೂರುಗಳ ಬಗ್ಗೆ ಹಾಗೆ ಹೇಳಿದನು ಎಂಬುದನ್ನು ಹಿರಿಯರ ಮುಂದಿಡಿ.

ಸೃಷ್ಟಿಯನ್ನು ಪೂಜಿಸುತ್ತೀರಾ ಎಂಬ ಅನುಮಾನಕ್ಕೆ ಕೀರ್ತನೆ 24:1 ಸಾಕು. ಭೂಮಿ ಕರ್ತನದು, ಅದು ಕರ್ತನಲ್ಲ. ಬೇರೆಯವರ ಸೊತ್ತು ನಮ್ಮ ಕೈಯಲ್ಲಿದ್ದರೆ ಎಚ್ಚರದಿಂದ ನೋಡಿಕೊಳ್ಳುತ್ತೇವೆ, ಅಷ್ಟೇ.

ಇದು ಒಂದೇ ಪಂಗಡದ ಹೊಸ ಪದ್ಧತಿಯೂ ಅಲ್ಲ. ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು 1989ರಲ್ಲಿ ಸಾರಿದವರು ಕಾನ್‌ಸ್ಟಾಂಟಿನೋಪಲಿನ ಆರ್ಥೊಡಾಕ್ಸ್ ಪಿತೃಪ್ರಧಾನ ದಿಮಿತ್ರಿಯೋಸ್. 2015ರಲ್ಲಿ ಪೋಪ್ ಫ್ರಾನ್ಸಿಸ್ ಕಥೋಲಿಕರಿಗೂ ಅದೇ ದಿನ ಗೊತ್ತುಮಾಡಿದರು. ಅಕ್ಟೋಬರ್ 4 ಅಸ್ಸೀಸಿಯ ಸಂತ ಫ್ರಾನ್ಸಿಸರ ದಿನ. ನಡುವೆ ಬರುವ ಸೆಪ್ಟೆಂಬರ್ 8ಕ್ಕೆ ನಿಮ್ಮ ನೆರೆಯ ಕಥೋಲಿಕರು ಮಾತೆ ಮರಿಯಳ ಜನ್ಮದಿನವಾದ ಮೊಂತಿ ಹಬ್ಬದಲ್ಲಿ ಹೊಸ ತೆನೆ ಆಶೀರ್ವದಿಸಿ ಮನೆಗೆ ಒಯ್ಯುತ್ತಾರೆ. ಒಂದು ಸಂಜೆ ಅವರ ಜೊತೆ ಸೇರಿ ಪ್ರಾರ್ಥಿಸಬಹುದಲ್ಲ?

---

ರೆಂಜೆಮರ ಉತ್ತರಿಸಿದ್ದು:

ಗಿಡದ ಬಗ್ಗೆ: ಕರಾವಳಿಯಲ್ಲಿ ಈಗ ನೆಡಬೇಡಿ. ಮಳೆಯ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ಗೆ ಮುಗಿದಿರುತ್ತದೆ, ಬೇರು ಇಳಿಯುವ ಮೊದಲೇ ಒಣಗಾಲ ಬರುತ್ತದೆ. ಮೈಸೂರು, ಚಾಮರಾಜನಗರದ ಸಭೆಗಳಾದರೆ ಸೆಪ್ಟೆಂಬರ್-ಅಕ್ಟೋಬರ್ ಮಳೆ ನಂಬಿ ನೆಡಬಹುದು.

ಈ ತಿಂಗಳು ನಿಮ್ಮ ಕೆಲಸ ಬದುಕಿರುವ ಗಿಡಗಳದ್ದು. ಬುಡದ ಸುತ್ತ ಎರಡು ಅಡಿ ಕಳೆ ಕೈಯಲ್ಲೇ ಕಿತ್ತು, ನಾಲ್ಕು ಇಂಚು ದಪ್ಪ ಸೊಪ್ಪು ಹೊದಿಸಿ. ಕಾಂಡಕ್ಕೆ ತಾಗದಂತೆ ಒಂದು ಗೇಣು ಜಾಗ ಬಿಡಿ, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ. ನವೆಂಬರ್‌ನಿಂದ ಮೇವರೆಗೆ ಗಿಡಕ್ಕೆ ವಾರಕ್ಕೆ ಹತ್ತು ಲೀಟರ್ ನೀರು. ಗಿಡಕ್ಕೊಂದು ಕುಟುಂಬ ಎಂದು ಹೆಸರು ಬರೆದು, ಯಾವ ವಾರ ಯಾರು ಎಂಬ ಪಟ್ಟಿಯನ್ನು ಬಾಗಿಲಲ್ಲಿ ಹಾಕಿ. ಇನ್ನೊಂದು ದೊಡ್ಡ ಕಾರಣ ಹುಲ್ಲು ಕತ್ತರಿಸುವ ಯಂತ್ರ. ಅದರ ತಂತಿ ಎಳೆ ಗಿಡದ ತೊಗಟೆಯನ್ನು ಸುತ್ತಲೂ ಸೀಳಿದರೆ ಮೂರು ವಾರದಲ್ಲಿ ಗಿಡ ಒಣಗುತ್ತದೆ, ಜನ ಬಿಸಿಲಿಗೆ ಸತ್ತಿತು ಎನ್ನುತ್ತಾರೆ. ಸತ್ತ ಗಿಡ ಕಿತ್ತು ಬುಡ ನೋಡಿ. ಬೇರು ಸುರುಳಿ ಸುತ್ತಿಕೊಂಡಿದ್ದರೆ ತೊಟ್ಟೆ (ಸಸಿಯ ಪ್ಲಾಸ್ಟಿಕ್ ಚೀಲ) ಬಿಚ್ಚದೆಯೋ, ಸುತ್ತಿದ ಬೇರು ಬಿಡಿಸದೆಯೋ ನೆಟ್ಟಿದ್ದಾರೆ ಎಂದರ್ಥ.

ಮುಂದಿನ ಮೇ ತಿಂಗಳಲ್ಲಿ ಸಂಡೇ ಸ್ಕೂಲಿನ ಮಕ್ಕಳಿಂದ ಹಲಸು, ಕಾಟುಮಾವು, ಪುನರ್ಪುಳಿ ಬೀಜ ಕೂಡಿಸಿ. ಈ ಬೀಜಗಳನ್ನು ಒಣಗಿಸಿ ಇಟ್ಟರೆ ಮೊಳೆಯುವುದಿಲ್ಲ, ಹಣ್ಣು ತಿಂದ ವಾರದೊಳಗೆ ಬಿತ್ತಬೇಕು. ಅವುಗಳ ಸಸಿ ಮರುವರ್ಷದ ಜೂನಿಗೆ. ಮುರಕಲ್ಲಿನ ನೆಲವಾದರೆ ಎರಡಡಿ ಆಳ-ಅಗಲದ ಗುಂಡಿ ಮಳೆಗೆ ಮೊದಲೇ ತೆಗೆದಿರಬೇಕು. ಸಮಾಧಿ ಭೂಮಿಗೆ ರೆಂಜೆ (ಬಕುಳ), ಸುರಹೊನ್ನೆ ಸೂಕ್ತ, ಹೂವು ತಾನಾಗಿ ಸಮಾಧಿಗಳ ಮೇಲೆ ಉದುರುತ್ತದೆ. ಗೋಳಿ (ಆಲ), ಅಶ್ವತ್ಥ ಬೇಡ, ಅವುಗಳ ಬೇರು ಸಮಾಧಿಯನ್ನೂ ಗೋಡೆಯನ್ನೂ ಬಿರಿಸುತ್ತದೆ.

ಹಕ್ಕಿಗೆ ನೀರು ಇಡುವುದಾದರೆ ಎರಡು ಇಂಚಿಗಿಂತ ಆಳವಿಲ್ಲದ ಮಣ್ಣಿನ ತಟ್ಟೆ, ನಡುವೆ ಒಂದು ಕಲ್ಲು, ಬೆಕ್ಕು ಹಾರದಂತೆ ಬಯಲಲ್ಲಿ. ದಿನಾ ನೀರು ಚೆಲ್ಲಿ ಉಜ್ಜಿ ತುಂಬಿಸಬೇಕು. ವಾರ ಬಿಟ್ಟರೆ ಡೆಂಗಿ ಸೊಳ್ಳೆ ಸಾಕಿದಂತೆ. ದಿನಾ ಬರುವವರಿಲ್ಲದಿದ್ದರೆ ಇಡುವುದೇ ಬೇಡ.

---

ಯುವಜನ_ಕಾರ್ಯದರ್ಶಿ:

ತುಂಬ ಉಪಕಾರವಾಯಿತು. ದನಗಳ ವಿಷಯ ನಮಗೆ ಯಾರಿಗೂ ಗೊತ್ತಿರಲಿಲ್ಲ, ಪಕ್ಕದ ಮನೆಯವರಿಗೆ ಇವತ್ತೇ ಹೇಳುತ್ತೇವೆ. ಇನ್ನೆರಡು ಪ್ರಶ್ನೆ. ಕೋಳಿ ಎಲುಬನ್ನು ಬೀದಿ ನಾಯಿಗಳಿಗೆ ಹಾಕಬಹುದೇ? ಅಲಂಕಾರಕ್ಕೆ ಥರ್ಮಾಕೋಲ್ ಅಕ್ಷರ, ಬಲೂನ್ ತರಿಸಿದ್ದಾರೆ, ಅದೇನು ಮಾಡುವುದು?

---

ಅಡುಗೆ_ಲೆಕ್ಕ:

ಬೆಂದ ಕೋಳಿ ಎಲುಬು ಚೂಪಾಗಿ ಸೀಳುತ್ತದೆ, ನಾಯಿಯ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಹಾಕಬೇಡಿ. ಪಂಕ್ತಿಯ ಕೊನೆಯಲ್ಲಿ ಎಲುಬಿಗೇ ಒಂದು ಬಕೆಟ್ ಇಡಿ. ಕಂಪೌಂಡಿನ ಮೂಲೆಯಲ್ಲಿ ಎರಡೂವರೆ ಅಡಿ ಆಳಕ್ಕೆ ಹೂತು, ಮೇಲೆ ಕಲ್ಲು ಹೇರಿ, ನಾಯಿ ಕೆರೆದು ತೆಗೆಯದಂತೆ. ಬಾವಿಯಿಂದ ದೂರ ಇರಲಿ.

ಅಲಂಕಾರದ ಥರ್ಮಾಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ತಟ್ಟೆ-ಲೋಟ-ಚಮಚ, 100 ಮೈಕ್ರಾನಿಗಿಂತ ತೆಳುವಾದ ಬ್ಯಾನರ್ ಇವೆಲ್ಲ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ತೆಗೆದುಕೊಂಡ ಅಂಗಡಿಗೆ ವಾಪಸ್ ಕೊಡಿ. ಬಟ್ಟೆಯ ಮೇಲೆ ಬಣ್ಣದಲ್ಲಿ ವರ್ಷ ನಮೂದಿಸದೆ "ಸುಗ್ಗಿ ಹಬ್ಬ" ಎಂದು ಬರೆಸಿದರೆ ಹತ್ತು ವರ್ಷ ಬರುತ್ತದೆ. ಮಾವಿನ ತೋರಣ, ತೆಂಗಿನ ಗರಿ, ಕಾಣಿಕೆಗೆ ಬಂದ ಕುಂಬಳ, ಬಾಳೆಗೊನೆಗಳಿಗಿಂತ ಚೆಂದದ ಅಲಂಕಾರ ಸುಗ್ಗಿ ಹಬ್ಬಕ್ಕೆ ಬೇಕೇ?

ಒಂದು ಮಾತು ಬಿಟ್ಟುಹೋಗಿತ್ತು. ಹಬ್ಬದ ಮರುದಿನ ಕಸದ ಗಾಡಿಯವರು ಬಂದಾಗ ಅವರ ಕೈಗೆ ಏನು ಸಿಗುತ್ತದೆ ಎಂದು ಯೋಚಿಸಿ. ಒಡೆದ ಗಾಜನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿ, ಅಂಟಿಸಿ, ಮೇಲೆ ದೊಡ್ಡದಾಗಿ "ಗಾಜು" ಎಂದು ಬರೆಯಿರಿ. ಶೌಚಾಲಯದಲ್ಲಿ ಹಳೆ ಪೇಪರಿನ ಕಟ್ಟು, ಕೆಂಪು ಪೆನ್ನು, ಮುಚ್ಚಳದ ಡಬ್ಬಿ ಇಡಿ. ಪ್ಯಾಡನ್ನು ಸುತ್ತಿ, ಕೆಂಪು ಗುರುತು ಹಾಕಿ ಬೇರೆಯಾಗಿಯೇ ಕೊಡಬೇಕು. ಹಸಿ ಕಸ ನಿಮ್ಮಲ್ಲೇ ಗೊಬ್ಬರವಾಗುವುದರಿಂದ ಅವರಿಗೆ ಹೋಗುವುದು ತೊಳೆದು ಒಣಗಿಸಿದ್ದು ಮಾತ್ರ. ಅವರ ಹೆಸರು ಕೇಳಿ ತಿಳಿದುಕೊಂಡು, ಹಬ್ಬದ ಊಟಕ್ಕೆ ಕುಟುಂಬ ಸಮೇತ ಕರೆಯಿರಿ. ಅವರಿಗೂ ಸೇರಿಸಿ ತಲೆ ಎಣಿಸುವುದಾದರೆ ಅಕ್ಕಿ ಒಂದು ಕೆಜಿ ಜಾಸ್ತಿ ಹಿಡಿಯಿರಿ.